ಗಂಟೆ ಕೇಳದ ಶುಕ್ರವಾರ

"ನಾಚಿಕೆ ಆಗಲ್ವಾ ನಿಮಗೆ? ಇದನ್ನ ಉಡುಗೊರೆ ಅಂತ ಕೊಡ್ತೀರಾ? ಇದರ ಬದಲು ಆ ಮನುಷ್ಯನ ಮುಖಕ್ಕೆ ಉಗಿದಿದ್ರೆ ವಾಸಿಯಿತ್ತು!"

"ನಾಗಾಸೆ-ಸಾನ್, ಕೂತ್ಕೊಳ್ಳಿ. ನಿಮಗೆ ಏರಿದೆ," ಅಂದ ಸೊನೊದಾ.

"ಬಾರ್ಲಿ ಚಹಾ ಕುಡಿದಿದ್ದೀನಿ ಕಣೋ ನಾನು. ಚಹಾ ಏರುತ್ತಾ ಯಾರಿಗಾದ್ರೂ? ಏರಿರೋದು ನಿನಗೆ. ಮೇಸ್ತ್ರಿ ಕೆಲಸ ನಾಳೆಯಿಂದ, ಗತ್ತು ಇವತ್ತೇ ಬಂದುಬಿಟ್ಟಿದೆ."

"ಅಮ್ಮಾ, ಸ್ವಲ್ಪ ಮೆಲ್ಲಗೆ. ಕೆಳಗೆ ಬೇರೆ ಗಿರಾಕಿಗಳು ಊಟ ಮಾಡ್ತಿದ್ದಾರೆ," ಎಂದು ಬಾಗಿಲಲ್ಲಿ ನಿಂತ ಹೋಟೆಲಿನ ಒಡತಿ ಕೈ ಮುಂದೆ ಮಾಡಿ ಬೇಡಿಕೊಂಡಳು.

"ಕೇಳ್ಲಿ ಬಿಡಿ. ಊರಿಗೆಲ್ಲ ಕೇಳ್ಲಿ."

ಕೂಗಾಡಿದವಳು ನಾನೇ. ಭಾನುವಾರ ಮಧ್ಯಾಹ್ನ, ಬಂದರಿನ ಪಕ್ಕದ ಹೋಟೆಲಿನ ಮೇಲಿನ ಕೋಣೆ. ತಗ್ಗು ಮೇಜಿನ ಎರಡೂ ಕಡೆ ಮಿನೊಬೆ ಮೋಟಾರ್ ಕಾರ್ಖಾನೆಯ ಎರಡನೇ ಜೋಡಣೆ ಸಾಲಿನವರು, ಹಗಲು ಪಾಳಿಯವರೂ ನಮ್ಮ ಸಂಜೆ ಪಾಳಿಯವರೂ, ಚಾಪೆಯ ಮೇಲೆ ಕಾಲು ಮಡಿಸಿ ಕೂತಿದ್ದರು. ಮೇಜಿನ ನಡುವೆ ಇಡಿಯಾಗಿ ಸುಟ್ಟ ಕೆಂಪು ಮೀನು, ಶುಭಕ್ಕೆಂದು ಮಾಡಿದ ಕೆಂಪು ಅನ್ನ, ಬಿಯರ್ ಬಾಟಲಿಗಳು. ಮೇಜಿನ ತಲೆಯ ಕಡೆ ಕುರಾಮೊಚಿ. ನಮ್ಮ ಸಾಲಿನ ಮೇಸ್ತ್ರಿ. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಯಾಜಿ ಎನ್ನುತ್ತಿದ್ದೆವು. ಮನೆಯಲ್ಲಿ ಅಪ್ಪನನ್ನು ಕರೆಯುವ ಹಾಗೆ. ಅರವತ್ತು ತುಂಬಿ ಶುಕ್ರವಾರ ಅವರು ನಿವೃತ್ತರಾಗಿದ್ದರು. ಇದು ಅವರಿಗೆ ಬೀಳ್ಕೊಡುಗೆಯ ಊಟ.

ಅವರ ತೊಡೆಯ ಮೇಲೆ ಒಂದು ಚೌಕಟ್ಟು. ಅದರೊಳಗೆ ಕಾರ್ಖಾನೆಯ ಹಜಾರದ ಬೋರ್ಡಿನ ಫೋಟೋ, ಶುಕ್ರವಾರ ಹಗಲು ಪಾಳಿ ಮುಗಿದ ಕೂಡಲೇ ತೆಗೆದದ್ದು. ಎಲ್ಲ ಸಾಲುಗಳ ಮೇಲೆ ನಮ್ಮ ಎರಡನೇ ಸಾಲು. ಅದರ ಮುಂದೆ, ನಿಲುಗಡೆ ಸೊನ್ನೆ. ಫೋಟೋದ ಸುತ್ತ ಹಗಲು ಪಾಳಿಯ ಪ್ರತಿಯೊಬ್ಬನ ಸಹಿ. ಅದನ್ನು ಕೈಗೆ ಕೊಟ್ಟಾಗ ಒಯಾಜಿ ಅತ್ತಿದ್ದರು. ಕೊರಳಲ್ಲಿದ್ದ ಟವೆಲಿನಿಂದ ಕಣ್ಣು ಒರೆಸಿಕೊಂಡು, "ಮೂರ್ಖರಾ, ಮುದುಕನನ್ನ ಅಳಿಸ್ತೀರಲ್ಲೋ," ಅಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಾ ಕಿಟಕಿಯಾಚೆ ನೋಡಿದೆ ನೋಡಿ, ಕೈ ಅಲ್ಲೇ ನಿಂತಿತು.

ಕಿಟಕಿಯಿಂದ ಹಡಗುಕಟ್ಟೆ ಪೂರ್ತಿ ಕಾಣುತ್ತದೆ. ಗಾಡಿ ಸಾಗಿಸುವ ದೊಡ್ಡ ಹಡಗು ಹಿಂದಿನ ಬಾಗಿಲು ತೆರೆದು ನಿಂತಿತ್ತು. ಅದರೊಳಕ್ಕೆ ಒಂದರ ಹಿಂದೆ ಒಂದು ಗಾಡಿ ನುಗ್ಗುತ್ತಿತ್ತು. ಬಿಳಿ ಮೈ, ಹಳದಿ ನೆತ್ತಿ. ಪೆರು ದೇಶಕ್ಕೆ ಹೋಗುವ ಟ್ಯಾಕ್ಸಿಗಳು. ಆ ಬಣ್ಣದ ಗಾಡಿ ನಮ್ಮ ಸಾಲಿನಲ್ಲಿ ಬಂದದ್ದು ಒಂದೇ ದಿನ. ಶುಕ್ರವಾರ.

ನನ್ನ ಮೈಯೆಲ್ಲ ಉರಿದುಹೋಯಿತು.

ಇವತ್ತು ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ, ಮಿನೊಬೆಯ ಹೆಸರು ಕೆಟ್ಟದ್ದು ಆ ಭಾನುವಾರ ಅನ್ನುತ್ತಾರೆ. ಕುರಾಮೊಚಿ ಕೆಡಿಸಿದ, ಅನ್ನ ತಿಂದ ಮನೆಗೆ ಎರಡು ಬಗೆದ ಅನ್ನುತ್ತಾರೆ. ಕ್ಷೌರದ ಅಂಗಡಿಯಲ್ಲಿ, ಊರವರೆಲ್ಲ ಸೇರುವ ಸ್ನಾನದ ಮನೆಯಲ್ಲಿ, ಮೀನಿನ ಮಾರುಕಟ್ಟೆಯಲ್ಲಿ ಇದೇ ಮಾತು. ಹಸಿ ಸುಳ್ಳು. ಹೆಸರು ಕೆಟ್ಟದ್ದು ಶುಕ್ರವಾರ. ಭಾನುವಾರ ಅದು ಗೊತ್ತಾಯಿತು, ಅಷ್ಟೇ. ನಾನು ಆ ಕೋಣೆಯಲ್ಲಿದ್ದೆ. ಇಲ್ಲದವರು ಮಾತಾಡುತ್ತಿದ್ದಾರೆ, ಇದ್ದವರು ಬಾಯಿ ಹೊಲಿದುಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಿನೊಬೆಯ ಕಥೆ ನನಗೆ ಕಾರ್ಖಾನೆ ಕಲಿಸಿದ್ದಲ್ಲ. ಬೆಟ್ಟದ ಮೇಲಿನ ನಮ್ಮ ಹಳ್ಳಿಯ ಶಾಲೆಯಲ್ಲೇ ಅದನ್ನು ಬಾಯಿಪಾಠ ಮಾಡಿಸಿದ್ದರು. ಮಿನೊಬೆ ತೊಕುಜಿ ಎಂಬ ಕಮ್ಮಾರನ ಮಗ ಇದೇ ಬಂದರಿನಲ್ಲಿ ಮೀನುದೋಣಿಗಳಿಗೆ ಎಂಜಿನ್ ಮಾಡುತ್ತಿದ್ದ. ಒಂದು ಚಳಿಗಾಲ ಅವನ ಎಂಜಿನ್ ಹಾಕಿದ ದೋಣಿ ನಡುಗಡಲಲ್ಲಿ ನಿಂತುಹೋಯಿತು. ಅದರಲ್ಲಿದ್ದವರು ಮನೆಗೆ ಬರಲಿಲ್ಲ. ತೊಕುಜಿ ತಲೆ ಬೋಳಿಸಿಕೊಂಡು ಅವರ ಮನೆಗಳಿಗೆ ಹೋಗಿ ಮಣ್ಣಿನ ನೆಲಕ್ಕೆ ಹಣೆ ಹಚ್ಚಿದ. ಒಬ್ಬ ಮುದುಕಿ ಅವನನ್ನು ಬೈಯಲಿಲ್ಲ, ಒಂದು ಮಾತು ಕೇಳಿದಳು. "ನಿನ್ನ ಹತ್ರ ಅಷ್ಟು ಜನ ಕೆಲಸ ಮಾಡ್ತಾರಲ್ಲ, ಒಬ್ಬನ ಕಣ್ಣಿಗೂ ಬೀಳಲಿಲ್ವೇನಪ್ಪ?" ತೊಕುಜಿ ವಾಪಸ್ಸು ಬಂದು ವಿಚಾರಿಸಿದ. ಒಬ್ಬನ ಕಣ್ಣಿಗೆ ಬಿದ್ದಿತ್ತು. ಹಿರಿಯರ ಕೆಲಸದಲ್ಲಿ ತಪ್ಪು ಹುಡುಕುವುದು ಹೇಗೆ ಎಂದು ಅವನು ಸುಮ್ಮನಿದ್ದ.

ಅವತ್ತೇ ತೊಕುಜಿ ಮುಳುಗಿದ ದೋಣಿಗಳಿಂದ ಎತ್ತಿ ತಂದಿದ್ದ ಒಂದು ಹಳೆಯ ಗಂಟೆಯನ್ನು ಕಾರ್ಖಾನೆಯ ಚಾವಣಿಗೆ ಕಟ್ಟಿಸಿ, ಕೆಲಸ ಮಾಡುವ ಜಾಗದ ಉದ್ದಕ್ಕೂ ಅದರ ಹಗ್ಗ ಹಾಯಿಸಿದ. ತಪ್ಪು ಕಂಡವನು, ನೆಲ ಗುಡಿಸುವವನೇ ಆಗಿರಲಿ, ಹಗ್ಗ ಎಳೆಯಬೇಕು. ಗಂಟೆ ಹೊಡೆಯುತ್ತದೆ, ಕೆಲಸ ನಿಲ್ಲುತ್ತದೆ. ಮೇಸ್ತ್ರಿ ಓಡಿಬಂದು ಮೊದಲು "ನಿಲ್ಲಿಸಿದ್ದಕ್ಕೆ ಥ್ಯಾಂಕ್ಸ್" ಅನ್ನಬೇಕು, ಆಮೇಲೆ ಏನಾಯಿತು ಎಂದು ಕೇಳಬೇಕು. ಇಡೀ ಬೆಳಿಗ್ಗೆ ಗಂಟೆ ಕೇಳದಿದ್ದರೆ ತೊಕುಜಿ ಊಟ ಬಿಟ್ಟು ಬಂದು, "ಏನ್ರಯ್ಯಾ, ಎಲ್ಲರೂ ಮಲಗಿಬಿಟ್ರಾ?" ಎಂದು ಕಿರುಚುತ್ತಿದ್ದನಂತೆ. ಯುದ್ಧ ಮುಗಿದ ಮೇಲೆ ಅದೇ ಚಾವಣಿಯ ಕೆಳಗೆ ಮೂರು ಚಕ್ರದ ಗಾಡಿ ಮಾಡಿದ, ಆಮೇಲೆ ಕಾರು. ಹೆಸರು ಬಂದದ್ದು ಹೀಗೆ. ರಸ್ತೆಯಲ್ಲಿ ನಿಲ್ಲಬಾರದೆಂದು ಕಾರ್ಖಾನೆಯಲ್ಲೇ ನಿಂತು ಬಂದ ಗಾಡಿ ಎಂದು ಜಾಹೀರಾತಿನಲ್ಲಿ ಹಾಕಿದರು. ಅದು ಸುಳ್ಳಾಗಿರಲಿಲ್ಲ. ನಮ್ಮಪ್ಪ ಕಿತ್ತಳೆ ಹೇರಲು ಕೊಂಡ ಮಿನೊಬೆ ಲಾರಿಯನ್ನು ನಮ್ಮಣ್ಣನೂ ಓಡಿಸಿದ. ಮರಳುಗಾಡಿನ ದೇಶಗಳಲ್ಲಿ ಹೊಸ ಬೇರೆ ಗಾಡಿಗಿಂತ ಹಳೆ ಮಿನೊಬೆಗೆ ಬೆಲೆ ಜಾಸ್ತಿ ಎಂದು ಹೇಳುವಾಗ ಕಾರ್ಖಾನೆಯವನು ಇರಲಿ, ಊರಿನ ತೋಫು ಮಾರುವವನೂ ಎದೆ ಉಬ್ಬಿಸುತ್ತಿದ್ದ.

ತೊಕುಜಿಯ ಮೊಮ್ಮಗ ದೊಡ್ಡ ಸಾಹೇಬನಾದ ಕಾಲ ಬಂತು. ಹಗ್ಗ ಹಾಗೇ ಇತ್ತು, ಗಂಟೆಯೂ ಇತ್ತು. ಹಜಾರದಲ್ಲಿ ಮಾತ್ರ ಒಂದು ಬೋರ್ಡು ಬಂತು. ಯಾವ ಸಾಲು ಎಷ್ಟು ಸಲ ನಿಂತಿತು ಎಂದು ದಿನವೂ ಬರೆಯುವುದು. ಕಡಿಮೆ ನಿಂತ ಸಾಲಿಗೆ ಬಾವುಟ. ಯಾರೂ ಹಗ್ಗ ಎಳೆಯಬೇಡಿ ಎಂದು ಹೇಳಲಿಲ್ಲ. ಹೇಳುವುದೇ ಬೇಡ, ಬೋರ್ಡು ಹೇಳುತ್ತಿತ್ತು. ಬೇರೆ ಸಾಲಿನ ಮೇಸ್ತ್ರಿಗಳು ಗಂಟೆ ಕೇಳಿದರೆ ಓಡಿಬರುವಾಗಲೇ ಗಡಿಯಾರ ನೋಡಿಕೊಂಡು ಬರುವುದನ್ನು ಕಲಿತರು. ನಮ್ಮ ಒಯಾಜಿ ಒಬ್ಬರು ಕಲಿಯಲಿಲ್ಲ. ನಮ್ಮ ಸಾಲು ಯಾವಾಗಲೂ ಬೋರ್ಡಿನ ತಳದಲ್ಲಿ. ಅವರ ಕೈಕೆಳಗೆ ಕೆಲಸ ಕಲಿತವರು ಆಫೀಸಿಗೆ ಹತ್ತಿದರು, ಅವರು ಮೇಸ್ತ್ರಿಯಾಗಿಯೇ ಉಳಿದರು. ಅದು ಅವರಿಗೆ ನೋವಾಗಿತ್ತೋ ಇಲ್ಲವೋ, ನಮಗಂತೂ ಆಗಿತ್ತು.

ಆ ನೋವಿನಿಂದಲೇ, ಒಯಾಜಿಯ ಜಾಗಕ್ಕೆ ಮೇಸ್ತ್ರಿಯಾಗಿ ಬರಲಿದ್ದ ಸೊನೊದಾಗೆ ಈ ದರಿದ್ರ ಯೋಚನೆ ಹೊಳೆದದ್ದು. ಕೊನೆಯ ದಿನವಾದರೂ ಒಯಾಜಿಯ ಸಾಲು ಬೋರ್ಡಿನ ಮೇಲೆ ಇರಲಿ. ಒಂದು ದಿನ ಗಂಟೆ ಹೊಡೆಯದೆ ಇರೋಣ. ಹಗಲು ಪಾಳಿಯವರಿಗೆಲ್ಲ ಕಿವಿಯಲ್ಲಿ ಹೇಳಿದ. ಎಲ್ಲರೂ ತಲೆಯಾಡಿಸಿದರು. ತಪ್ಪು ಕಂಡರೆ ಬಾಯಲ್ಲಿ ದಾಟಿಸಿ, ಸಾಲಿನ ಕೊನೆಯವರು ಸರಿಮಾಡಿಕೊಳ್ಳುತ್ತಾರೆ ಎಂದು ಏರ್ಪಾಡು. ಎಂಥ ಪ್ರೀತಿ ನೋಡಿ!

ಶುಕ್ರವಾರ ಸಂಜೆ ನಾನು ಪಾಳಿಗೆ ಬಂದಾಗ ಒಯಾಜಿ ಹೂಗುಚ್ಛ ಹಿಡಿದು ಹೋಗಿಯಾಗಿತ್ತು. ನಾನು ನಿಲ್ಲುವುದು ಹಗಲು ಪಾಳಿಯ ತೆರುಯಾ ನಿಲ್ಲುವ ಜಾಗದಲ್ಲಿ. ಬ್ರೇಕಿನ ಎಣ್ಣೆ ಹರಿಯುವ ಸಣ್ಣ ಕೊಳವೆಯನ್ನು ಗಾಡಿಯ ಹೊಟ್ಟೆಗೆ ಕೂರಿಸಿ ಕ್ಲಿಪ್ಪು ಒತ್ತುವ ಕೆಲಸ. ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳಬೇಕು. ಮೊದಲನೇ ಕ್ಲಿಪ್ಪು ಕಚ್ಚಲಿಲ್ಲ. ಎರಡನೆಯದೂ ಇಲ್ಲ. ಪೆಟ್ಟಿಗೆಯಲ್ಲಿದ್ದದ್ದೆಲ್ಲ ಹಲ್ಲು ಬಿದ್ದ ಮುದುಕರು. ಹಾಗೆ ಬಿಟ್ಟರೆ ಕೊಳವೆ ಜೋತುಬಿದ್ದು ಓಡಾಟದಲ್ಲಿ ಉಜ್ಜಿ ಉಜ್ಜಿ ಒಂದು ದಿನ ತೂತಾಗುತ್ತದೆ. ಬ್ರೇಕು ತುಳಿದರೆ ಕಾಲು ನೆಲಕ್ಕೆ ಹೋಗುತ್ತದೆ. ನಾನು ಹಗ್ಗ ಎಳೆದೆ. ಅವತ್ತಿನ ಮೊದಲ ಗಂಟೆ ಅದು. ಒಯಾಜಿ ಇಲ್ಲದ್ದರಿಂದ ವಿಭಾಗದ ಸಾಹೇಬ ಮೊರೊಯಿ ಓಡಿಬಂದ, ಗಡಿಯಾರ ನೋಡಿಕೊಂಡೇ. ಥ್ಯಾಂಕ್ಸ್ ಇಲ್ಲ, ಏನೂ ಇಲ್ಲ. "ಎಷ್ಟು ಹೊತ್ತು ಬೇಕು?" ಅಂದ.

"ಹೊತ್ತು ಆಮೇಲೆ. ಹಗಲಿನ ಗಾಡಿಗಳೂ ಹೀಗೇ ಹೋಗಿರಬೇಕು. ಅವನ್ನ ಹಿಡೀರಿ," ಅಂದೆ.

"ನೋಡ್ಕೊಳ್ತೀನಿ," ಅಂದ.

ದೊಡ್ಡ ಓದು ಓದಿದ ಮನುಷ್ಯ, ನೋಡಿಕೊಳ್ಳುತ್ತೇನೆ ಅಂದರೆ ನೋಡಿಕೊಳ್ಳುತ್ತಾನೆ ಎಂದು ನಂಬಿದೆ. ಈಗ ಭಾನುವಾರ ಅದೇ ಮೊರೊಯಿ ಒಯಾಜಿಯ ಪಕ್ಕದಲ್ಲಿ ಕೂತು ಬಿಯರ್ ಬಗ್ಗಿಸುತ್ತಿದ್ದ. ಆಚೆ ಅವೇ ಗಾಡಿಗಳು ಹಡಗು ಹತ್ತುತ್ತಿದ್ದವು.

ಎಲ್ಲವನ್ನೂ ನಾನು ಕೋಣೆಯ ನಡುವೆ ನಿಂತು ಒಂದೇ ಉಸಿರಿಗೆ ಹೇಳಿದೆ. ಮುಗಿಸುವಷ್ಟರಲ್ಲಿ ಎಲ್ಲರೂ ತಟ್ಟೆ ನೋಡುತ್ತಿದ್ದರು.

ಮೊದಲು ಸಿಟ್ಟಾದದ್ದು ಒಯಾಜಿ. ಅದೂ ನನ್ನ ಮೇಲೆ.

"ನಾಗಾಸೆ, ಬಾಯಿ ಮುಚ್ಚು! ನನ್ನ ಹುಡುಗರ ಬಗ್ಗೆ ಹಾಗೆಲ್ಲ ಮಾತಾಡಬೇಡ. ನಿನ್ನ ನಾಲಿಗೆ ಯಾವಾಗಲೂ ಹೀಗೇ, ಹಿಂದೆ ಮುಂದೆ ನೋಡಲ್ಲ. ಸಂಜೆ ಪೆಟ್ಟಿಗೆ ಕೆಟ್ಟಿದ್ರೆ ಹಗಲಿಂದೂ ಕೆಟ್ಟಿರಬೇಕು ಅಂತ ಎಲ್ಲಿದೆ?"

"ಹಾಗಾದ್ರೆ ತೆರುಯಾನ್ನ ಕೇಳಿ. ಇಲ್ಲೇ ಕೂತಿದಾನಲ್ಲ, ಮೂಲಂಗಿ ಉಪ್ಪಿನಕಾಯಿ ಜಗೀತಾ."

ತೆರುಯಾ ಜಗಿಯುವುದನ್ನು ನಿಲ್ಲಿಸಿದ. ದಕ್ಷಿಣದ ದ್ವೀಪದಿಂದ ಕೆಲಸಕ್ಕೆ ಬಂದವನು, ದಪ್ಪ ಹುಬ್ಬಿನ ಒಳ್ಳೆಯ ಕೆಲಸಗಾರ. ಎರಡು ಮಕ್ಕಳ ತಂದೆ. ಅವನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ಕೂತವರು ಒಯಾಜಿ.

"ತೆರುಯಾ. ಕ್ಲಿಪ್ಪು ಕಚ್ತಿತ್ತಾ?" ಒಯಾಜಿ ಕೇಳಿದರು.

ತೆರುಯಾ ಊಟದ ಕಡ್ಡಿಗಳನ್ನು ಮೇಜಿನ ಮೇಲೆ ಇಟ್ಟ.

"ಕಚ್ತಿತ್ತು ಅನ್ನು ಮಗನೇ. ಕಚ್ತಿತ್ತು ಅಂದ್ರೆ ಈ ಹೆಂಗಸಿನ ಕೈಯಲ್ಲಿ ಕ್ಷಮೆ ಕೇಳಿಸ್ತೀನಿ."

"ಊಟದ ವಿರಾಮದವರೆಗೆ ಕಚ್ತಿತ್ತು," ಅಂದ ತೆರುಯಾ. "ಆಮೇಲೆ ಹೊಸ ಪೆಟ್ಟಿಗೆ ತೆಗೆದೆ."

"ಹಗ್ಗಕ್ಕೆ ಕೈ ಹಾಕಿದ್ಯಾ?"

"ಹಾಕಿದ್ದೆ."

"ಮತ್ತೆ?"

ತೆರುಯಾ ಸೊನೊದಾನ ಕಡೆ ನೋಡಿದ. ಸೊನೊದಾ ತಾನೇ ಬಾಯಿ ಬಿಟ್ಟ. "ನಾನು ಅವನ ಕೈ ಹಿಡ್ಕೊಂಡೆ ಒಯಾಜಿ. ಇವತ್ತೊಂದು ದಿನ ಬೇಡ ಅಂದೆ. ಕೊನೆಯವರಿಗೆ ಹೇಳಿ ಸರಿಮಾಡಿಸೋಣ ಅಂದೆ. ಹೇಳಿಯೂ ಹೇಳಿದ್ವಿ."

"ಕೊನೆಯವರು ಹೇಗೆ ಸರಿಮಾಡ್ತಾರೆ? ಅಷ್ಟರಲ್ಲಿ ಹೊಟ್ಟೆಗೆ ತಗಡು ಮುಚ್ಚಿ ಆಗಿರುತ್ತೆ."

"ಅದು... ತಗಡು ಬಿಚ್ಚಬೇಕು ಅಂದ್ರೆ ಸಾಲು ನಿಲ್ಲಿಸಬೇಕಿತ್ತು."

"ನಿಲ್ಲಿಸಬೇಕಿತ್ತು."

"ನಿಮಗೋಸ್ಕರ ಒಯಾಜಿ!" ಸೊನೊದಾನ ಕಣ್ಣಲ್ಲಿ ನೀರು. "ಇಷ್ಟು ವರ್ಷ ಆ ಬೋರ್ಡಿನ ತಳದಲ್ಲಿ ನಿಮ್ಮ ಹೆಸರು ನೋಡಿ ನೋಡಿ ನಮ್ಮ ಹೊಟ್ಟೆ ಉರೀತಿತ್ತು. ಒಂದೇ ಒಂದು ದಿನ ಮೇಲೆ ನೋಡೋಣ ಅಂತ ಆಸೆ. ಇದರಲ್ಲಿ ನಮಗೇನು ಲಾಭ ಹೇಳಿ?"

ಅವನ ಅಳು ನಿಜವಾದದ್ದು. ಅದನ್ನು ನೋಡಿ ನನಗೆ ಇನ್ನೂ ರೇಗಿತು. ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ಕಪಾಳಕ್ಕೆ ಹೊಡೆಯಬಹುದಿತ್ತು. ಇವರು ಕೈ ಮುಗಿದು ಕುತ್ತಿಗೆ ಕೊಯ್ದಿದ್ದರು.

"ಪೆರುವಿನಲ್ಲಿ ಬೆಟ್ಟ ಇದೆಯಂತೆ ಸೊನೊದಾ," ಅಂದೆ. "ನಮ್ಮ ಬೆಟ್ಟದ ಹಾಗಲ್ಲ, ಮೋಡದ ಮೇಲೆ. ಅಲ್ಲಿಂದ ಇಳಿಯೋ ಟ್ಯಾಕ್ಸಿಯವನಿಗೆ ಹೇಳು, ಇದು ನಮ್ಮ ಒಯಾಜಿಗೋಸ್ಕರ ಅಪ್ಪಾ, ಬೇಜಾರು ಮಾಡ್ಕೋಬೇಡ ಅಂತ."

ಯಾರೋ ಕಡೆಯಲ್ಲಿ ಕೂತವನು "ಅತಿಯಾಯ್ತು" ಎಂದು ಗೊಣಗಿದ.

"ಅತಿಯಾ? ಯಾರದು? ಎದ್ದು ನಿಂತು ಹೇಳು. ಶುಕ್ರವಾರ ಬಾಯಿ ಬರಲಿಲ್ಲ, ಭಾನುವಾರ ಬಂತಾ?"

ಒಯಾಜಿ ಚೌಕಟ್ಟನ್ನು ತೊಡೆಯಿಂದ ಎತ್ತಿ ಮೇಜಿನ ಮೇಲೆ ಮಗುಚಿ ಇಟ್ಟರು. ಮೀನಿನ ತಟ್ಟೆಯ ಪಕ್ಕದಲ್ಲಿ. ಬಹಳ ಹೊತ್ತು ತಮ್ಮ ಅಂಗೈಗಳನ್ನೇ ನೋಡಿಕೊಂಡರು.

"ಬೆಳಿಗ್ಗೆಯಿಂದ ಗಂಟೆ ಕೇಳಿಸಿರಲಿಲ್ಲ," ಅಂದರು. "ಊಟದ ಹೊತ್ತಿಗೆ ನನಗೆ ಗೊತ್ತಾಯ್ತು, ಇವತ್ತು ಒಂದೂ ಇಲ್ಲ ಅಂತ. ಅನುಮಾನ ಬರಬೇಕಿತ್ತು. ಬೇರೆ ಯಾವ ದಿನ ಆಗಿದ್ರೂ ನಾನು ಪ್ರತಿಯೊಬ್ಬನ ಹತ್ರ ಹೋಗಿ ಏನ್ರೋ ಮಲಗಿದ್ದೀರಾ ಅಂತಿದ್ದೆ. ಅವತ್ತು ಹೋಗಲಿಲ್ಲ. ಖುಷಿ ಆಯ್ತು ನನಗೆ. ಬೋರ್ಡಿನ ಮುಂದೆ ಹೋಗಿ ನಿಂತು ನೋಡಿ ಬಂದೆ. ಎರಡು ಸಲ."

ಕೆಳಗೆ ಯಾರೋ ನೂಡಲ್ಸು ಸುರ್ರೆಂದು ಎಳೆಯುವುದು ಕೇಳಿಸುತ್ತಿತ್ತು.

ಆಮೇಲೆ ಅವರು ಮೊರೊಯಿಯ ಕಡೆ ತಿರುಗಿದರು. ತಮಗಿಂತ ಚಿಕ್ಕವನು, ಆದರೆ ಸಾಹೇಬ. ಕೂತಲ್ಲೇ ಎರಡೂ ಕೈ ಚಾಪೆಗೆ ಊರಿ ತಲೆ ತಗ್ಗಿಸಿದರು.

"ಸಾಹೇಬ್ರೇ, ಬಂದರಿಗೆ ಒಂದು ಫೋನು ಮಾಡಿ. ಆ ಗಾಡಿ ಹತ್ತಿಸೋದು ನಿಲ್ಲಿಸಿ ಅನ್ನಿ. ನಾಳೆ ವಾಪಸ್ಸು ತರಿಸಿ ತಗಡು ಬಿಚ್ಚಿ ನೋಡೋಣ. ಸಂಬಳ ಬೇಡ, ನಾನೇ ಬಂದು ಬಿಚ್ತೀನಿ."

"ತಲೆ ಎತ್ತಿ ಕುರಾಮೊಚಿ-ಸಾನ್, ದಯವಿಟ್ಟು," ಅಂದ ಮೊರೊಯಿ. ಕನ್ನಡಕ ತೆಗೆದು ಒರೆಸಿದ. "ವಿಷಯ ನನ್ನ ಗಮನದಲ್ಲಿದೆ. ಆ ದೇಶದ ನಮ್ಮ ಅಂಗಡಿಗಳಿಗೆ ತಿಳಿಸ್ತೀವಿ. ಮೊದಲನೇ ಸರ್ವೀಸಿಗೆ ಬಂದಾಗ ಸದ್ದಿಲ್ಲದೆ ಕ್ಲಿಪ್ಪು ಬದಲಾಯಿಸ್ತಾರೆ. ಯಾರಿಗೂ ತೊಂದರೆ ಆಗಲ್ಲ."

"ಬರದೇ ಹೋದ್ರೆ?" ಅಂದೆ ನಾನು. "ಟ್ಯಾಕ್ಸಿಯವನು ಹೊಟ್ಟೆಪಾಡಿಗೆ ಓಡಿಸ್ತಾನೆ. ನೀವು ಕರೆದಾಗ ಬಂದು ಸಾಲಲ್ಲಿ ನಿಲ್ತಾನಾ?"

"ನಾಗಾಸೆ-ಸಾನ್, ನಾನು ಕುರಾಮೊಚಿ-ಸಾನ್ ಹತ್ರ ಮಾತಾಡ್ತಿದ್ದೀನಿ."

"ಫೋನು ಮಾಡೋಕೆ ಏನು ಕಷ್ಟ?" ಒಯಾಜಿ ಕೇಳಿದರು. ತಲೆ ಇನ್ನೂ ತಗ್ಗಿಸಿಯೇ ಇತ್ತು.

ಮೊರೊಯಿ ಮಕ್ಕಳಿಗೆ ಹೇಳುವಂತೆ ಹೇಳಿದ. "ನಾಳೆ ತೊಕುಜಿಯವರ ಪುಣ್ಯತಿಥಿ. ದೊಡ್ಡ ಸಾಹೇಬರು ವೇದಿಕೆ ಮೇಲೆ ಈ ಫೋಟೋವನ್ನೇ ತೋರಿಸ್ತಾರೆ. ಒಂದೂ ನಿಲುಗಡೆ ಇಲ್ಲದ ದಿನ ಅಂತ. ಪತ್ರಿಕೆಯವರು ಬರ್ತಾರೆ, ಹೊರದೇಶದ ಅತಿಥಿಗಳು ಬರ್ತಾರೆ. ನಿಮ್ಮನ್ನೂ ವೇದಿಕೆಗೆ ಕರೀತಾರೆ. ಇವತ್ತು ನಾನು ಹಡಗು ನಿಲ್ಲಿಸಿದ್ರೆ ನಾಳೆ ಏನು ಹೇಳಲಿ? ಕಂಪನಿಯ ಹೆಸರಿನ ಪ್ರಶ್ನೆ ಇದು."

ಕಂಪನಿಯ ಹೆಸರು! ಸತ್ತವರ ಮನೆಯ ನೆಲಕ್ಕೆ ಹಣೆ ಹಚ್ಚಿ ಒಬ್ಬ ಕಮ್ಮಾರನ ಮಗ ಗಳಿಸಿದ ಹೆಸರು. ಅವನ ಪುಣ್ಯತಿಥಿಗೆ ಇವರು ಇಡುತ್ತಿದ್ದ ನೈವೇದ್ಯ ಇದು. ನನಗೆ ಮಾತೇ ಹೊರಡಲಿಲ್ಲ, ನನಗೆ.

ಒಯಾಜಿ ತಲೆ ಎತ್ತಿದರು. "ಹಾಗಾದ್ರೆ ನಾನೇ ಮಾಡ್ತೀನಿ ಫೋನು."

"ನಿಮ್ಮ ಮಾತು ಅವರು ಕೇಳಲ್ಲ. ನಿಮ್ಮ ಗುರುತಿನ ಚೀಟಿ ಶುಕ್ರವಾರವೇ ವಾಪಸ್ಸು ಬಂದಿದೆ. ಕಾರ್ಖಾನೆಯಲ್ಲಿ ನೀವು ಈಗ..." ಮೊರೊಯಿ ಮುಂದಿನ ಮಾತನ್ನು ನುಂಗಿದ.

"ಯಾರೂ ಅಲ್ಲ," ಒಯಾಜಿ ತಾವೇ ಹೇಳಿ ಮುಗಿಸಿದರು. "ಸರಿ. ಸೊನೊದಾ, ಈಗ ಮೇಸ್ತ್ರಿ ನೀನು. ನೀನು ಮಾಡು."

ಸೊನೊದಾ ಮೊರೊಯಿಯ ಮುಖ ನೋಡಿದ. ಮೊರೊಯಿ ಬಿಯರ್ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಸೊನೊದಾನ ಹೆಂಡತಿ ಆ ತಿಂಗಳು ಬಸುರಿ. ಹೊಸ ಮನೆಗೆ ಅಡಿಪಾಯ ಹಾಕಿದ್ದ. ಅವನ ಕೈ ಜೇಬಿನವರೆಗೆ ಹೋಯಿತು. ಫೋನು ಅಲ್ಲೇ ಇತ್ತು, ಬಟ್ಟೆಯ ಮೇಲಿಂದಲೇ ಅದರ ಆಕಾರ ಕಾಣುತ್ತಿತ್ತು. ಕೈ ಅಲ್ಲೇ ಉಳಿಯಿತು.

"ನಾಳೆ ಬೆಳಿಗ್ಗೆ ಮೇಲಿನವರ ಹತ್ರ ಮಾತಾಡ್ತೀನಿ ಒಯಾಜಿ. ಖಂಡಿತ ಮಾತಾಡ್ತೀನಿ."

"ಹಡಗು ಸಂಜೆ ಬಿಡುತ್ತೆ."

ಸೊನೊದಾ ತಲೆ ತಗ್ಗಿಸಿದ.

"ತೆರುಯಾ?"

ತೆರುಯಾ ಚಾಪೆಗೆ ಹಣೆ ಹಚ್ಚಿ ಮಲಗಿಬಿಟ್ಟ. ಭುಜ ಅಲುಗುತ್ತಿತ್ತು.

ಒಯಾಜಿ ಮೇಜಿನ ಉದ್ದಕ್ಕೂ ಒಬ್ಬೊಬ್ಬರ ಮುಖ ನೋಡುತ್ತಾ ಬಂದರು. ಒಬ್ಬ ಲೋಟ ತಿರುಗಿಸಿದ, ಇನ್ನೊಬ್ಬ ಅವರೆಕಾಯಿಯ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದ. ಹೀಗೆ ಕಣ್ಣು ತಪ್ಪಿಸುವುದನ್ನು ನಮ್ಮಲ್ಲಿ ಸಭ್ಯತೆ ಅನ್ನುತ್ತಾರೆ. ಇನ್ನೊಬ್ಬನ ಸಂಕಟ ನೋಡಬಾರದಂತೆ. ಎಲ್ಲರೂ ಅವರ ಕೈಯಲ್ಲಿ ಕೆಲಸ ಕಲಿತವರು. ಸಾವಿಗೆ, ಮದುವೆಗೆ, ಆಸ್ಪತ್ರೆಗೆ ಅವರನ್ನು ಕರೆದವರು. ಸಹಿ ಹಾಕಿ ಎಂದಾಗ ನಾ ಮುಂದು ತಾ ಮುಂದು ಎಂದು ಹಾಕಿದ್ದರು. ಒಂದು ಫೋನು ಮಾಡಿ ಎಂದಾಗ ಅಷ್ಟು ಕೈಗಳಲ್ಲಿ ಒಂದೂ ಮೇಲೇಳಲಿಲ್ಲ.

"ನಾನು ಮಾಡ್ತೀನಿ," ಅಂದೆ. "ನಂಬರು ಕೊಡಿ."

"ಜೋಡಣೆ ಕೆಲಸದವರು ಹೇಳಿದ್ರೆ ಹಡಗು ನಿಲ್ಲಲ್ಲ ನಾಗಾಸೆ-ಸಾನ್," ಅಂದ ಮೊರೊಯಿ. ತಣ್ಣಗೆ ಅಂದ.

ಒಯಾಜಿ ಮೇಜಿಗೆ ಕೈ ಕೊಟ್ಟು ಎದ್ದರು. ಬಹಳ ಹೊತ್ತು ಕಾಲು ಮಡಿಸಿ ಕೂತು ಮಂಡಿ ಹಿಡಿದುಕೊಂಡಿತ್ತು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಬಂದರಿನಲ್ಲಿ ಗಾಡಿ ಓಡಿಸುವವರು, ಕಿತ್ತಳೆ ಬಣ್ಣದ ಅಂಗಿಯವರು, ಒಂದು ಗಾಡಿ ಒಳಗೆ ಬಿಟ್ಟು ವ್ಯಾನಿನಲ್ಲಿ ವಾಪಸ್ಸು ಬಂದು ಇನ್ನೊಂದು ಹತ್ತುತ್ತಿದ್ದರು. ಹಡಗಿನ ಇಳಿಜಾರು ಕಡಿದಾಗಿತ್ತು.

"ಆ ಇಳಿಜಾರಲ್ಲಿ ಗಾಡಿ ಹತ್ತಿಸಿ ಇಳಿಸಿ ಮಾಡೋರು ಅವರು," ಅಂದರು ಒಯಾಜಿ. "ಬ್ರೇಕಿನ ಮೇಲೆ ಅನುಮಾನ ಇರೋ ಗಾಡಿಯ ಸ್ಟಿಯರಿಂಗ್ ಹಿಡಿಯೋಕೆ ಯಾವ ಸಾಹೇಬನೂ ಅವರನ್ನ ಬಲವಂತ ಮಾಡೋಕಾಗಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೇ."

ಮೊರೊಯಿ ಥಟ್ಟನೆ ಎದ್ದ. ಲೋಟ ಉರುಳಿತು. "ಕುರಾಮೊಚಿ-ಸಾನ್, ಯೋಚನೆ ಮಾಡಿ. ನಿವೃತ್ತಿಯ ಹಣ ಇನ್ನೂ ಕೈಗೆ ಬಂದಿಲ್ಲ ನಿಮಗೆ. ನಿಮ್ಮ ಅಳಿಯ ಬಣ್ಣದ ವಿಭಾಗದಲ್ಲಿದ್ದಾನೆ."

"ಇದಾನೆ. ಒಳ್ಳೆ ಹುಡುಗ," ಅಂದರು ಒಯಾಜಿ. ಕೋಟು ತೆಗೆದುಕೊಂಡರು. ಬೀಳ್ಕೊಡುಗೆಗೆಂದು ಹೆಂಡತಿ ಇಸ್ತ್ರಿ ಮಾಡಿ ಕೊಟ್ಟ ಕಪ್ಪು ಕೋಟು.

"ನಾನೂ ಬರ್ತೀನಿ," ಎಂದು ನಾನು ಚೀಲ ಎತ್ತಿಕೊಂಡೆ.

"ನೀನು ಇಲ್ಲೇ ಇರು. ನಾಳೆ ನಿನಗೆ ಪಾಳಿ ಇದೆ, ನನಗಿಲ್ಲ. ಆ ಸಾಲಲ್ಲಿ ಹಗ್ಗಕ್ಕೆ ಕೈ ಹಾಕೋರು ಒಬ್ಬರಾದ್ರೂ ಉಳೀಬೇಕು."

ಸೊನೊದಾ ಓಡಿ ಬಾಗಿಲಿಗೆ ಅಡ್ಡ ನಿಂತ. ಅವರ ತೋಳು ಹಿಡಿದ. "ಬೇಡ ಒಯಾಜಿ. ನೀವು ಹೋದ್ರೆ ನಾವೆಲ್ಲ ಏನಾಗ್ತೀವಿ? ನಾಳೆ ಊರಲ್ಲಿ ನಿಮ್ಮನ್ನ ಏನಂತಾರೆ? ನಿಮ್ಮ ಇಷ್ಟು ವರ್ಷದ ಹೆಸರು... ಕೈ ಮುಗೀತೀನಿ, ಕೂತ್ಕೊಳ್ಳಿ. ಮೀನು ಮುಟ್ಟೇ ಇಲ್ಲ ನೀವು."

ಒಯಾಜಿ ತೋಳಿನ ಮೇಲಿದ್ದ ಆ ಕೈಯನ್ನು ನೋಡಿದರು. ಶುಕ್ರವಾರ ತೆರುಯಾನ ಮಣಿಕಟ್ಟು ಹಿಡಿದ ಕೈ. ಅವರು ಬೈಯಲಿಲ್ಲ. ಬೈದಿದ್ದರೆ ಸೊನೊದಾ ಈ ಜನ್ಮಕ್ಕೆ ಉಳಿದುಕೊಳ್ಳುತ್ತಿದ್ದ ಅನ್ನಿಸುತ್ತದೆ.

"ಬಿಡಪ್ಪಾ," ಅಂದರು.

ಸೊನೊದಾ ಬಿಟ್ಟ.

ಮೆಟ್ಟಿಲು ಇಳಿಯುವ ಸದ್ದು ಕೇಳಿತು. ಕೆಳಗೆ ಷೂ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಒಡತಿ "ಇಷ್ಟು ಬೇಗ ಹೊರಟ್ರಾ?" ಎಂದು ಕೇಳಿದ್ದು, ಅವರು "ಊಟ ಚೆನ್ನಾಗಿತ್ತಮ್ಮ" ಅಂದದ್ದು ಕೇಳಿತು. ಸರಿಸುವ ಬಾಗಿಲು ಜಾರಿದ ಸದ್ದಾಯಿತು.

ನಾನು ಕಿಟಕಿಯಲ್ಲಿ ನಿಂತೆ. ಒಬ್ಬೊಬ್ಬರಾಗಿ ಎಲ್ಲರೂ ಬಂದು ಹಿಂದೆ ನಿಂತರು. ಮೊರೊಯಿ ಮಾತ್ರ ಕೂತಲ್ಲೇ ಕೂತು ಫೋನಿನಲ್ಲಿ ಯಾರನ್ನೋ ಹುಡುಕುತ್ತಿದ್ದ. ಭಾನುವಾರ, ಯಾರೂ ಎತ್ತುತ್ತಿರಲಿಲ್ಲ. ಕಪ್ಪು ಕೋಟು ರಸ್ತೆ ದಾಟಿತು. ಬೇಲಿಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಾಕಿದ. ಒಯಾಜಿ ಟೊಪ್ಪಿ ಇಲ್ಲದ ತಲೆ ಬಗ್ಗಿಸಿ ಏನೋ ಹೇಳಿದರು. ಕಾವಲುಗಾರ ಕೈ ಇಳಿಸಿದ. ವ್ಯಾನಿನಿಂದ ಇಳಿಯುತ್ತಿದ್ದ ಕಿತ್ತಳೆ ಅಂಗಿಯವರ ನಡುವೆ ಹೋಗಿ ನಿಂತರು. ಇಲ್ಲಿಂದ ಮಾತು ಕೇಳಿಸುವುದಿಲ್ಲ. ಅವರು ಸೊಂಟದವರೆಗೆ ಬಗ್ಗಿ ನಮಸ್ಕರಿಸಿದ್ದು ಕಂಡಿತು. ಎದ್ದು ಒಂದು ಗಾಡಿಯ ಹೊಟ್ಟೆಯ ಕಡೆ ಬೆರಳು ತೋರಿಸಿದರು. ಕಿತ್ತಳೆ ಅಂಗಿಯವನೊಬ್ಬ ನೆಲದ ಮೇಲೆ ಮಲಗಿ ಅಡಿಗೆ ತಲೆ ಹಾಕಿದ. ಇನ್ನೊಬ್ಬ ಉಪಕರಣದ ಪೆಟ್ಟಿಗೆ ತಂದ. ಒಳ್ಳೆಯ ಕೋಟು ಹಾಕಿಕೊಂಡೇ ಒಯಾಜಿಯೂ ಅವನ ಪಕ್ಕ ಎಣ್ಣೆ ನೆಲದ ಮೇಲೆ ಮಲಗಿದರು.

"ತಗಡು ಬಿಚ್ತಿದಾರೆ," ಅಂದ ತೆರುಯಾ ನನ್ನ ಕಿವಿಯ ಹತ್ತಿರ.

ಸ್ವಲ್ಪ ಹೊತ್ತಿಗೆ ಕೆಳಗಿದ್ದವನು ಹೊರಗೆ ಜಾರಿ ಎದ್ದ. ಇಳಿಜಾರಿನ ಕಡೆ ತಿರುಗಿ ಎರಡೂ ತೋಳು ತಲೆಯ ಮೇಲೆ ಅಡ್ಡಡ್ಡ ಎತ್ತಿ ಹಿಡಿದ. ಹಳದಿ ನೆತ್ತಿಯ ಸಾಲು ನಿಂತಿತು. ಮುಂದಿನ ಗಾಡಿಯ ಬಾಗಿಲು ತೆರೆಯಿತು, ಅದರ ಹಿಂದಿನದು, ಅದರ ಹಿಂದಿನದು. ಓಡಿಸುವವರು ಇಳಿದು ಬಂದು ಒಟ್ಟಾದರು. ಮತ್ತೆ ಯಾರೂ ಹತ್ತಲಿಲ್ಲ.

ಮೊರೊಯಿಯ ಫೋನು ಹೊಡೆದುಕೊಳ್ಳತೊಡಗಿತು. ಈಗ ಅವರೇ ಇವನನ್ನು ಹುಡುಕುತ್ತಿದ್ದರು.

"ವಾಪಸ್ಸು ಬರ್ತಾರೆ," ಅಂದ ಸೊನೊದಾ. "ಊಟ ಮಾಡಿಲ್ಲ. ಬಂದೇ ಬರ್ತಾರೆ." ಮೇಜಿನ ತಲೆಯ ಕಡೆ ಹೋಗಿ ಅವರ ಆಸನದ ದಿಂಬನ್ನು ಸರಿಮಾಡಿದ. ಮೀನಿನ ಒಳ್ಳೆಯ ಭಾಗವನ್ನು ಅವರ ತಟ್ಟೆಗೆ ಹಾಕಿ, ಲೋಟಕ್ಕೆ ಹೊಸ ಬಿಯರ್ ಬಗ್ಗಿಸಿದ. ಎಲ್ಲರೂ ಅವರವರ ಜಾಗಕ್ಕೆ ಹೋಗಿ ಕಾಲು ಮಡಿಸಿ ಕೂತರು. ಯಾರೂ ತಿನ್ನಲಿಲ್ಲ. ಬಿಯರಿನ ನೊರೆ ಇಳಿಯಿತು. ಒಡತಿ ಬಂದು ಅನ್ನ ಬಿಸಿಮಾಡಲೇ ಎಂದು ಕೇಳಿ, ಹಾಗೇ ಇಳಿದು ಹೋದಳು.

ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಒಯಾಜಿ ನೆಲದಿಂದ ಎದ್ದು ಕೋಟಿನ ಬೆನ್ನು ಝಾಡಿಸಿಕೊಂಡು ಗೇಟಿನಿಂದ ಹೊರಗೆ ಬಂದರು. ರಸ್ತೆಯ ಹತ್ತಿರ ಒಂದು ಕ್ಷಣ ನಿಂತರು. ಹೋಟೆಲಿಗೆ ವಾಪಸ್ಸು ಬರಬೇಕಾದರೆ ಎಡಕ್ಕೆ ತಿರುಗಬೇಕು. ಅವರು ಬಲಕ್ಕೆ ತಿರುಗಿ ಬಸ್ ನಿಲ್ದಾಣದ ಕಡೆ ನಡೆದರು.